ಚಪ್ಪಡಿ ಇಲ್ಲದ ಊರಿನಿಂದ ಸಿಂಗಾಪುರಕ್ಕೆ

ಚಾಂಗಿ

ಸಿಂಗಾಪುರಕ್ಕೆ ಹೋಗಿಬಂದವರೆಲ್ಲ ಮೊದಲು ವರ್ಣಿಸುವುದು ಅಲ್ಲಿಯ ಚಾಂಗಿ ವಿಮಾನ ನಿಲ್ದಾಣದ ನೆಲವನ್ನು. ಮುಖ ಕಾಣುತ್ತದಂತೆ, ಎಲೆ ಹಾಕದೆ ಊಟ ಬಡಿಸಬಹುದಂತೆ. ಆ ನೆಲದ ಮೇಲೆ ನನ್ನ ತಂಗಿ ಪದ್ಮಿನಿ ಗಾಲಿಕುರ್ಚಿಯಲ್ಲಿ ಒಂದಿಷ್ಟೂ ಕುಲುಕಾಟವಿಲ್ಲದೆ ಸಾಗಿದಳು. ಉಳಿದವರಿಗೆ ಸಂತೋಷವಾಗುವ ಆ ಜಾಗದಲ್ಲೇ ನನಗೆ ಸಿಟ್ಟು ಬಂತು.

ಕಾರಣ ಹೇಳದಿದ್ದರೆ ಈ ಮುದುಕಿಗೇನು ತಲೆ ಕೆಟ್ಟಿದೆಯೇ ಅನ್ನುತ್ತೀರಿ. ಪದ್ಮಿನಿಯೂ ನಾನೂ ಬೆಂಗಳೂರಿನ ಒಂದೇ ಹಳೆಯ ಬಡಾವಣೆಯಲ್ಲಿ, ಎರಡು ರಸ್ತೆಯ ಅಂತರದಲ್ಲಿ ಇದ್ದವರು. ನಾನು ಮದುವೆಯಾಗದೆ ಹೈಸ್ಕೂಲಿನ ಹುಡುಗಿಯರಿಗೆ ಇಂಗ್ಲಿಷ್ ಪಾಠ ಹೇಳಿಕೊಂಡು ರಿಟೈರ್ ಆದೆ. ಅವಳು ಮದುವೆಯಾದಳು, ಒಬ್ಬಳೇ ಮಗಳನ್ನು ಸಿಂಗಾಪುರದಲ್ಲಿ ಮೇಷ್ಟರಾಗಿರುವ ಹುಡುಗನಿಗೆ ಕೊಟ್ಟಳು, ಆಮೇಲೆ ಗಂಡನನ್ನು ಕಳೆದುಕೊಂಡಳು. ಹಿಂದಿನ ಮಳೆಗಾಲದ ಒಂದು ಸಂಜೆ ಹೂವು ತರಲು ಹೊರಟವಳು ನಮ್ಮ ಮೇನ್ ರೋಡಿನ ಫುಟ್‌ಪಾತಿನಲ್ಲಿ ನಡೆಯುತ್ತಿದ್ದ ಹಾಗೆಯೇ ಮಾಯವಾದಳು. ಚರಂಡಿಯ ಮೇಲೆ ಚಪ್ಪಡಿ ಇರಲಿಲ್ಲ. ಬೀದಿ ದೀಪ ಉರಿಯುತ್ತಿರಲಿಲ್ಲ. ಹೂವಿನ ಗೌರಮ್ಮ ಕೂಗಿಕೊಂಡು ಜನ ಸೇರಿಸಿ ಅವಳನ್ನು ಮೇಲೆತ್ತಿದಾಗ ಸೊಂಟದ ಮೂಳೆ ಮುರಿದಿತ್ತು.

ಆ ಚಪ್ಪಡಿಗಳ ಮೇಲೆ ನಾವು ಚಿಕ್ಕವರಾಗಿದ್ದಾಗ ಕುಂಟೆಬಿಲ್ಲೆ ಆಡಿದ್ದೇವೆ. ಹೂಳೆತ್ತಬೇಕೆಂದು ಅವನ್ನು ತೆಗೆದರು. ಹೂಳನ್ನು ಫುಟ್‌ಪಾತಿನ ಮೇಲೆ ಗುಡ್ಡೆ ಹಾಕಿದರು. ಮಳೆ ಬಂದು ಹೂಳು ತಿರುಗಿ ಚರಂಡಿಗೇ ಹೋಯಿತು. ಚಪ್ಪಡಿಗಳು ಮಾತ್ರ ಹೋದವು ಹೋದವೇ.

ನಮ್ಮ ಕಾರ್ಪೊರೇಟರು ಕೆಟ್ಟ ಮನುಷ್ಯರಲ್ಲ. ಅದೇ ನನ್ನ ಸಂಕಟ. ದುಡ್ಡು ಹೊಡೆಯುವ ಪೈಕಿಯವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವರು ಪ್ರಗತಿಪರರು. ಹೆಗಲಿಗೆ ಬಟ್ಟೆಚೀಲ, ಮೈಮೇಲೆ ಖಾದಿ ಜುಬ್ಬ, ಮಾತಿಗೆ ಮುಂಚೆ ಬಡವರ ಹೆಸರು. ನಗರ ಎಲ್ಲರದೂ ಎಂದು ಅವರು ಮೊದಲ ಸಲ ಭಾಷಣ ಮಾಡಿದಾಗ ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವರಲ್ಲಿ ನಾವು ಅಕ್ಕತಂಗಿಯರೂ ಇದ್ದೆವು. ಗೆದ್ದ ಮೇಲೆ ಅವರು, ಹಳೆಯ ಚಪ್ಪಡಿಯನ್ನೇ ಹಾಕಿಸುವುದೋ ಚರಂಡಿಯನ್ನೇ ಹೊಸದಾಗಿ ಕಟ್ಟಿಸುವುದೋ ಜನರೇ ತೀರ್ಮಾನಿಸಲಿ ಎಂದು ಒಂದು ನಾಗರಿಕ ಸಮಿತಿ ಮಾಡಿದರು. ಸಮಿತಿಗೆ ಒಂದು ಉಪಸಮಿತಿ ಹುಟ್ಟಿತು. ಬೋಂಡ ಕಾಫಿಯೊಂದಿಗೆ ವಿಚಾರ ಸಂಕಿರಣ ನಡೆಯಿತು. ಪದ್ಮಿನಿ ಆಸ್ಪತ್ರೆಯಲ್ಲಿದ್ದಾಗ ನಾನು ವಾರ್ಡ್ ಆಫೀಸಿಗೆ ಹೋಗಿ ಇದೇನು ಸ್ವಾಮಿ ಎಂದು ಕೇಳಿದೆ. ಅವರು ಎದ್ದು ನಿಂತು, ಕೈಮುಗಿದು, ಬಹಳ ಮೃದುವಾಗಿ ಹೇಳಿದರು:

"ಬೇಜಾರು ಮಾಡ್ಕೋಬೇಡಿ ಮೇಡಂ. ಫುಟ್‌ಪಾತು ಅನ್ನೋದು ಮಧ್ಯಮ ವರ್ಗದ ಚಿಂತೆ. ನಮ್ಮ ಆದ್ಯತೆ ಸ್ಲಮ್ಮು."

ಸ್ಲಮ್ಮಿಗೆ ಮಾಡಬೇಡಿ ಅನ್ನಲು ನಾನೇನು ರಾಕ್ಷಸಿಯೇ? ಆದರೆ ಸ್ಲಮ್ಮಿನ ಚರಂಡಿಗೂ ಚಪ್ಪಡಿ ಇಲ್ಲ. ಗೌರಮ್ಮನ ಮೊಮ್ಮಗಳು ಅದೇ ಕೊಳಚೆ ತುಳಿದುಕೊಂಡು ಬಾಲವಾಡಿಗೆ ಹೋಗುತ್ತಾಳೆ. ಬಡವರ ಹೆಸರಿನಲ್ಲಿ ನಮಗೆ ಮಾಡಲಿಲ್ಲ, ನಮ್ಮ ನೆಪದಲ್ಲಿ ಬಡವರಿಗೂ ಮಾಡಲಿಲ್ಲ. ಕಾರಿನಲ್ಲಿ ಓಡಾಡುವವರು ಯಾವತ್ತಾದರೂ ಫುಟ್‌ಪಾತು ಕೇಳಿದ್ದನ್ನು ನೋಡಿದ್ದೀರಾ? ಕೇಳುವವರು ಕಾಲಲ್ಲಿ ನಡೆಯುವವರು. ಹ್ಯಾಂಡ್‌ಬ್ಯಾಗು ಇದ್ದರೂ ಸರಿ, ತಲೆಮೇಲೆ ಬುಟ್ಟಿ ಇದ್ದರೂ ಸರಿ.

ಮೂಳೆ ಕೂಡಿತು. ನಡೆಯಬಹುದು ಎಂದು ಡಾಕ್ಟರು ಹೇಳಿದರು. ಪದ್ಮಿನಿ ಮಾತ್ರ ಗೇಟು ದಾಟಲಿಲ್ಲ. ಗೇಟಿನ ತನಕ ಬಂದು, ಸರಳು ಹಿಡಿದು, ರಸ್ತೆಯನ್ನು ನೋಡಿ ಒಳಗೆ ಹೋಗುವಳು. ಮಗಳು ಸುಧಾ ಫೋನ್ ಮಾಡಿ, ಎರಡು ತಿಂಗಳು ಇಲ್ಲಿಗೆ ಕರೆದುಕೊಂಡು ಬನ್ನಿ ದೊಡ್ಡಮ್ಮ, ಜಾಗ ಬದಲಾದರೆ ಹೆದರಿಕೆ ಹೋಗಬಹುದು ಎಂದಳು. ನಾನು ಹೊರಟದ್ದು ಊರು ನೋಡುವುದಕ್ಕಲ್ಲ. ತಂಗಿಗೆ ಹೊರಗೆ ಕಾಲಿಡುವ ಧೈರ್ಯ ಬರಬೇಕು, ಬಂದ ಮೇಲೆ ಅವಳನ್ನು ಮನೆಗೆ ವಾಪಸ್ ಕರೆತರಬೇಕು. ಅಷ್ಟೇ.

ಬುಕಿತ್ ಬಾಟೋಕ್, ಏಳನೆಯ ಮಹಡಿ

ಸುಧಾಳ ಮನೆ ಸರಕಾರ ಕಟ್ಟಿಸಿದ ಉದ್ದನೆಯ ಬ್ಲಾಕೊಂದರ ಏಳನೆಯ ಮಹಡಿಯಲ್ಲಿ. ಇಂಥ ಬ್ಲಾಕುಗಳಲ್ಲಿ ನೆಲಮಟ್ಟದಲ್ಲಿ ಮನೆಗಳಿರುವುದಿಲ್ಲ. ಬರೀ ಕಂಬಗಳ ಖಾಲಿ ಜಾಗ. ವಾಯ್ಡ್ ಡೆಕ್ ಅನ್ನುತ್ತಾರೆ. ಒಂದು ದಿನ ಅಲ್ಲಿ ಮಲಯ ಜನರ ಮದುವೆ, ಇನ್ನೊಂದು ದಿನ ಚೀನೀಯರ ಸಾವಿನ ಶಾಸ್ತ್ರ. ಮಿಕ್ಕ ದಿನ ಮುದುಕರು ಚದುರಂಗದಂಥದ್ದೇನೋ ಆಡುತ್ತ ಕೂತಿರುತ್ತಾರೆ.

ಲಿಫ್ಟು ಹತ್ತಿದೆವು. ಗುಂಡಿಗಳನ್ನು ನೋಡಿದರೆ ಏಳು ಇಲ್ಲವೇ ಇಲ್ಲ. ಆ ಕಾಲದ ಬ್ಲಾಕುಗಳಲ್ಲಿ ಲಿಫ್ಟು ಎಲ್ಲ ಮಹಡಿಗಳಲ್ಲೂ ನಿಲ್ಲುವುದಿಲ್ಲ ಎಂದು ಸುಧಾ ಸಂಕೋಚದಿಂದ ಹೇಳಿದಳು. ಆರರಲ್ಲಿ ಇಳಿದು ಒಂದು ಸಾಲು ಮೆಟ್ಟಿಲು ಹತ್ತಬೇಕು. ಸೊಂಟ ಮುರಿದ ಹೆಂಗಸನ್ನು ಸಮುದ್ರ ದಾಟಿಸಿ ಕರೆಸಿಕೊಂಡಿದ್ದೀಯಲ್ಲ, ಇದನ್ನು ಫೋನಿನಲ್ಲಿ ಹೇಳಬಾರದಿತ್ತೇ ಎಂದು ನಾನು ರೇಗಿದೆ. ಹೇಳಿದ್ರೆ ನೀವು ಕರ್ಕೊಂಡೇ ಬರ್ತಿರಲಿಲ್ಲ ದೊಡ್ಡಮ್ಮ ಎಂದಳು. ನಿಜವೇ. ಪದ್ಮಿನಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ನಾನು ಒಳಗೊಳಗೇ ಖುಷಿಪಟ್ಟೆ. ಬಿಡಿ, ಇವರೂ ದೇವರಲ್ಲ.

ಬಸ್ಸಿನ ಮುಂದೆ

ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಕೆಲಸಕ್ಕೆ, ಮೊಮ್ಮಗಳು ದಿವ್ಯ ಸ್ಕೂಲಿಗೆ ಹೋದ ಮೇಲೆ ನಾನು ಪದ್ಮಿನಿಯನ್ನು ಕಾಡಿಬೇಡಿ ಕೆಳಗಿಳಿಸಿದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನಾನು. ನಿಧಾನವಾಗಿ ನಡೆದೆವು. ಬಿಸಿಲಿನ್ನೂ ಏರಿರಲಿಲ್ಲ, ಮರಗಳ ಕೆಳಗೆ ಒಂದು ಒಣ ಎಲೆಯೂ ಇರಲಿಲ್ಲ. ನಾನು ಉತ್ಸಾಹದಿಂದ ಕಾನ್ವೆಂಟಿನ ದಿನಗಳ ಕಥೆ ತೆಗೆದೆ. ನಮ್ಮ ಐರಿಷ್ ಸಿಸ್ಟರ್ ಒಬ್ಬರು, ಕಂಪ್ಲೇಂಟ್ ಇದ್ದರೆ ಕಣ್ಣೀರಿನಲ್ಲಿ ಬೇಡ, ಇಂಕಿನಲ್ಲಿ ಬರೆಯಿರಿ ಅನ್ನುತ್ತಿದ್ದರು. ಅವರಿಂದಲೇ ನನಗೆ ಲೆಟರ್ಸ್ ಟು ದಿ ಎಡಿಟರ್ ಬರೆಯುವ ಚಟ ಅಂಟಿದ್ದು.

ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ಏನೋ ಬಿಸಿ ತಗುಲಿದಂತಾಯಿತು. ತಿರುಗಿದರೆ ಒಂದು ದೊಡ್ಡ ಬಸ್ಸು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಒಂದು ಸಾಲು ಟ್ಯಾಕ್ಸಿ. ನಮ್ಮ ನಡಿಗೆಯ ವೇಗದಲ್ಲೇ ಅವೆಲ್ಲ ಹಿಂದೆ ಬರುತ್ತಿದ್ದವು. ಒಬ್ಬರೂ ಹಾರನ್ ಹೊಡೆದಿರಲಿಲ್ಲ. ಡ್ರೈವರು ಬಯ್ಯಲಿಲ್ಲ, ಬೆರಳು ಎತ್ತಿ ಪಕ್ಕಕ್ಕೆ ತೋರಿಸಿದ. ನೋಡಿದರೆ ರಸ್ತೆಯ ಪಕ್ಕದಲ್ಲೇ ಅಗಲವಾದ ಫುಟ್‌ಪಾತು ಹಾಸಿಕೊಂಡು ಬಿದ್ದಿತ್ತು.

ನಾವಿಬ್ಬರೂ ಡಾಂಬರು ರಸ್ತೆಯಲ್ಲಿ ನಡೆಯುತ್ತಿದ್ದೆವು. ಫುಟ್‌ಪಾತು ಕಣ್ಣಿಗೆ ಬೀಳಲಿಲ್ಲವೆಂದಲ್ಲ. ಅದು ನಡೆಯುವ ಜಾಗ ಎಂದು ನಮ್ಮ ಕಾಲುಗಳಿಗೆ ಹೊಳೆಯಲೇ ಇಲ್ಲ. ನಮ್ಮೂರಿನಲ್ಲಿ ಫುಟ್‌ಪಾತು ಎಂದರೆ ಟ್ರಾನ್ಸ್‌ಫಾರ್ಮರು, ಮರಳಿನ ರಾಶಿ, ಸ್ಕೂಟರು, ಪಾರ್ಟಿಯ ಬಾವುಟದ ಕಟ್ಟೆ, ಗಂಡಸರ ಮೂತ್ರ. ಮನುಷ್ಯರು ನಡೆಯಬೇಕಾದ್ದು ರಸ್ತೆಯಲ್ಲಿ, ಬೆನ್ನಿಗೆ ಹಾರನ್ ತಾಗುತ್ತಿರಬೇಕು.

ಹೊಸದಾಗಿ ಗುರುತಾಗಿದ್ದ ಪಕ್ಕದ ಮನೆಯ ಮಿಸೆಸ್ ತಾನ್ ತರಕಾರಿ ಚೀಲ ಹಿಡಿದು ಎದುರಿಗೆ ಬರುತ್ತಿದ್ದರು. ಓಡಿಬಂದು ನಮ್ಮನ್ನು ಮೇಲೆ ಹತ್ತಿಸಿದರು.

"ಆಂಟಿ, ವೈ ಯು ವಾಕ್ ಆನ್ ದ ರೋಡ್? ಪಾತ್ ಗಾಟ್, ವಾಟ್."

ನಡೆಯೋಕೆ ದಾರಿ ಇದೆಯಲ್ಲ ಎಂಬುದನ್ನು ಅಲ್ಲಿಯ ಇಂಗ್ಲಿಷಿನಲ್ಲಿ ಹಾಗೆ ಹೇಳುತ್ತಾರೆ. ಪದ್ಮಿನಿ ಕೋಲಿನ ಮೇಲೆ ಬಗ್ಗಿ ನಗತೊಡಗಿದಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಮೆಟ್ಟಿಲು ಹತ್ತುವಾಗ ಆ ನಗು ಸಿಟ್ಟಾಗಿ ತಿರುಗಿತು. ನಮ್ಮ ಮುತ್ತಾತನ ಕಾಲದಲ್ಲಿ ಚೌಕಚೌಕವಾಗಿ ಅಳೆದು ಕಟ್ಟಿದ ಬಡಾವಣೆ ನಮ್ಮದು. ಅಲ್ಲಿ ಹುಟ್ಟಿದ ಇಬ್ಬರು ಹೆಂಗಸರಿಗೆ ಫುಟ್‌ಪಾತು ಯಾತಕ್ಕಿದೆ ಎಂಬುದೇ ಮರೆತುಹೋಗುವಂತೆ ಮಾಡಿದ್ದಾರಲ್ಲ.

ಕಾಲುವೆಯ ಕಟಕಟೆ

ಬ್ಲಾಕಿನ ಹಿಂದೆ ಒಂದು ಮಳೆನೀರಿನ ಕಾಲುವೆ ಇತ್ತು. ಆಳು ಮುಳುಗುವಷ್ಟು ಆಳ, ಮೇಲೆ ಮುಚ್ಚಳವಿಲ್ಲ. ಅದನ್ನು ಕಂಡ ಕೂಡಲೇ ಪದ್ಮಿನಿ ನಿಂತುಬಿಟ್ಟಳು. ಅವಳ ಉಗುರು ನನ್ನ ತೋಳಿಗೆ ನಾಟಿತು. ಮನೆಗೆ ಹೋಗೋಣ ಎಂದಳು. ನಾನು ಬಲವಂತ ಮಾಡಲಿಲ್ಲ.

ಮಾರನೆಯ ದಿನ ಅವಳೇ ಆ ಕಡೆಗೆ ತಿರುಗಿದಳು. ಕಾಲುವೆಯ ಉದ್ದಕ್ಕೂ ಎದೆಮಟ್ಟದ ಕಬ್ಬಿಣದ ಕಟಕಟೆ ಇತ್ತು. ಅದನ್ನು ಒಂದು ಕೈಯಿಂದ ಅಲ್ಲಾಡಿಸಿ ನೋಡಿದಳು, ಅಂಗಡಿಯಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುವ ಹಾಗೆ. ಅದು ಅಲುಗಲಿಲ್ಲ. ಆಮೇಲೆ ಅದರ ಮೇಲೆ ಮೊಣಕೈ ಊರಿ ನೀರು ನೋಡುತ್ತ ನಿಂತಳು. ಸಿಂಗಾಪುರದಲ್ಲಿ ಮಧ್ಯಾಹ್ನದ ಮಳೆ ಅಂದರೆ ಆಕಾಶವೇ ಕಿತ್ತುಕೊಂಡು ಬಿದ್ದಂತೆ. ಮಳೆ ನಿಂತ ತಕ್ಷಣ ಅವಳಿಗೆ ಕಾಲುವೆ ನೋಡಬೇಕು. ಕೆಂಪು ನೀರು ಭೋರೆಂದು ಹರಿದು, ನೋಡನೋಡುತ್ತ ಇಳಿದುಹೋಗುವುದು.

"ಇಲ್ಲೂ ತೆರೆದೇ ಇದೆಯಲ್ಲ ಅಕ್ಕ" ಎಂದಳು ಒಂದು ದಿನ.

ತೆರೆದೇ ಇತ್ತು. ಆದರೆ ಇಲ್ಲಿ ಒಬ್ಬ ಮನುಷ್ಯ ಬೀಳಬಹುದು ಎಂದು ಯಾರೋ ಎಲ್ಲೋ ಆಫೀಸಿನಲ್ಲಿ ಕೂತು ಮೊದಲೇ ಯೋಚಿಸಿದ್ದರು. ನನ್ನ ತಂಗಿಯ ಮುಖ ಕಾಣದವರು, ಅವಳ ಹೆಸರು ಕೇಳದವರು, ಅವಳು ಬೀಳಬಾರದು ಎಂದುಕೊಂಡಿದ್ದರು. ಅವಳ ವೋಟು ಪಡೆದವರಿಗೆ ಅಷ್ಟು ಯೋಚನೆ ಬರಲಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ವಾಯ್ಡ್ ಡೆಕ್ಕಿನಲ್ಲಿ ಒಂದು ಸಂಜೆ

ಆ ವಠಾರದಿಂದ ಆರಿಸಿ ಬಂದ ಎಂಪಿ ವಾರಕ್ಕೊಂದು ಸಂಜೆ ವಾಯ್ಡ್ ಡೆಕ್ಕಿನ ಶಿಶುವಿಹಾರದಲ್ಲಿ ಕೂತು ಜನರ ಅಹವಾಲು ಕೇಳುತ್ತಾರೆಂದು ಮಿಸೆಸ್ ತಾನ್ ಹೇಳಿದರು. ನಾನು ಹೋಗಲೇಬೇಕೆಂದು ಹಟ ಹಿಡಿದೆ. ಸುಧಾಳ ಗಂಡ ಮೋಹನ ಒಳ್ಳೆಯ ಹುಡುಗ, ಸ್ವಲ್ಪ ಪುಕ್ಕಲು. ನಾವು ಹೊರಗಿನಿಂದ ಬಂದವರು, ಸುಮ್ನೆ ಯಾಕೆ ದೊಡ್ಡಮ್ಮ ಎಂದ. ಏಳು ವರ್ಷದ ದಿವ್ಯ ಮಾತ್ರ "ಕ್ಯಾನ್ ಲಾ, ಅಜ್ಜಿ" ಎಂದು, ಧಾರಾಳವಾಗಿ ಹೋಗಬಹುದು ಎಂಬಂತೆ, ನನ್ನ ಪರ ನಿಂತಳು.

ಗಿಡ್ಡ ಗಿಡ್ಡ ಮಕ್ಕಳ ಕುರ್ಚಿಗಳಲ್ಲಿ ಜನ ಕೂತಿದ್ದರು. ನಾನು ಹಾರ ಬರುವುದನ್ನು ಕಾದೆ, ಮೈಕು ಬರುವುದನ್ನು ಕಾದೆ, ಪ್ರಾರ್ಥನೆಗೆ ಯಾರಾದರೂ ಹುಡುಗಿ ಏಳುತ್ತಾಳೇನೋ ಎಂದು ಕಾದೆ. ಏನೂ ಆಗಲಿಲ್ಲ. ಕನ್ನಡಕದ ಹುಡುಗಿಯೊಬ್ಬಳು ಬ್ಲಾಕು ಯಾವುದು, ತೊಂದರೆ ಏನು ಎಂದು ಕೇಳಿದಳು. ನಾನು ನನ್ನ ಬೆಸ್ಟ್ ಇಂಗ್ಲಿಷಿನಲ್ಲಿ ಸೊಂಟ, ಲಿಫ್ಟು, ಮೆಟ್ಟಿಲು ಎಲ್ಲ ವಿವರಿಸಿ, ನಮ್ಮೂರಿನ ಚರಂಡಿಯ ಕಥೆಗೆ ಬರುವಷ್ಟರಲ್ಲಿ ಅವಳು ಪೆನ್ನು ಮುಚ್ಚಿದಳು. ಎಂಪಿಯ ಮುಂದೆ ಕೂರಿಸಿದರು. ಲಿಫ್ಟನ್ನು ಎಲ್ಲ ಮಹಡಿಗೂ ನಿಲ್ಲಿಸುವ ಕೆಲಸ ಸರದಿಯಲ್ಲಿ ಬರುತ್ತದೆ, ಈ ಬ್ಲಾಕಿಗೆ ಸದ್ಯಕ್ಕಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಬೇಜಾರು ಮಾಡ್ಕೋಬೇಡಿ ಅನ್ನಲಿಲ್ಲ, ನನ್ನ ವರ್ಗ ಯಾವುದೆಂದೂ ತಿಳಿಸಲಿಲ್ಲ. ಆಳುವ ಪಕ್ಷಕ್ಕೆ ವೋಟು ಚೆನ್ನಾಗಿ ಬಿದ್ದ ಕಡೆ ಸರದಿ ಬೇಗ ಬರತ್ತೆ ಅಂತ ಜನ ಆಡಿಕೊಳ್ಳುತ್ತಾರೆ ಎಂದು ಮಿಸೆಸ್ ತಾನ್ ಆಮೇಲೆ ನನ್ನ ಕಿವಿಯಲ್ಲಿ ಉಸುರಿ ನಕ್ಕರು.

ಕೆಲವು ದಿನ ಕಳೆದು ನೋಡಿದರೆ ನಮ್ಮ ಮೆಟ್ಟಿಲಿನ ಖಾಲಿ ಗೋಡೆಯ ಬದಿಗೂ ಒಂದು ಹಿಡಿಕಂಬಿ ಕೂತಿತ್ತು. ಉದ್ಘಾಟನೆ ಇಲ್ಲ, ಯಾರ ಹೆಸರೂ ಇಲ್ಲ. ಪದ್ಮಿನಿ ಎರಡು ಕೈಯಲ್ಲಿ ಎರಡು ಕಡೆ ಹಿಡಿದುಕೊಂಡು ಹತ್ತಿದಳು.

ರಾತ್ರಿ ಊಟಕ್ಕೆ ಕೂತಾಗ ನಾನು ಮೋಹನನನ್ನು ಕೇಳಿದೆ: ಕಂಬಿ ಹಾಕದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ? ಪೇಪರಿಗೆ ಬರೆಯುತ್ತಿದ್ದಿರಾ? ಬೀದಿಯಲ್ಲಿ ನಿಂತು ಕೂಗುತ್ತಿದ್ದಿರಾ? ಅವನು ಎದ್ದು ಹೋಗಿ ಬಾಗಿಲು ಹಾಕಿ ಬಂದ.

"ಇಲ್ಲಿ ಅದೆಲ್ಲ ಬೇಡ ದೊಡ್ಡಮ್ಮ. ಲಿಫ್ಟಲ್ಲಂತೂ ಮಾತಾಡ್ಲೇಬೇಡಿ."

ಅದಕ್ಕೂ ನನಗೆ ಸಿಟ್ಟು ಬಂತು. ಏನು ದೇಶಗಳಪ್ಪ ಇವು. ಕಾಲಿಗೆ ಜಾಗ ಬೇಕಿದ್ದರೆ ನಾಲಿಗೆಯನ್ನು ಕೌಂಟರಿನಲ್ಲಿ ಕೊಟ್ಟು ಬರಬೇಕೇ? ನಮ್ಮೂರಿನಲ್ಲಿ ಎಷ್ಟು ಬೇಕಾದರೂ ಕೂಗಬಹುದು, ನಡೆಯುವ ಹಾಗಿಲ್ಲ. ಇಲ್ಲಿ ಎಷ್ಟು ಬೇಕಾದರೂ ನಡೆಯಬಹುದು, ಕೂಗುವ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಕೇಳಿದರೆ ಅದು ಅತಿ ಆಸೆಯೇ? ನಾನು ಪುಡಿಚಟ್ನಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹಾಕಿಕೊಂಡು ಕಲಸಿದೆ.

ಹಾಕರ್ ಸೆಂಟರು

ಹೊರಡುವ ವಾರ ಬಂತು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಪದ್ಮಿನಿ ಮನೆಯಲ್ಲಿಲ್ಲ. ಕೋಲೂ ಇಲ್ಲ. ಒದ್ದೆ ಕೂದಲಿನಲ್ಲೇ ಕೆಳಗೆ ಓಡಿದೆ. ಮೊದಲು ಹೋದದ್ದು ಕಾಲುವೆಯ ಹತ್ತಿರ. ಅಲ್ಲಿಲ್ಲ. ವಾಯ್ಡ್ ಡೆಕ್ಕಿನ ಮುದುಕರಿಗೆ ಕೈಸನ್ನೆಯಲ್ಲಿ ಸೀರೆ, ಕೋಲು ಎಂದೆಲ್ಲ ತೋರಿಸಿದೆ. ಒಬ್ಬರು ಮಾರ್ಕೆಟ್ಟಿನ ಕಡೆಗೆ ಕೈ ತೋರಿಸಿದರು. ಎರಡು ರಸ್ತೆ ದಾಟಬೇಕು. ಆ ಕಡೆಗೆ ಓಡಿದೆ.

ಹಾಕರ್ ಸೆಂಟರೆಂದರೆ ಒಂದೇ ಚಾವಣಿಯ ಕೆಳಗೆ ಹತ್ತಾರು ತಿಂಡಿ ಅಂಗಡಿಗಳು. ಅದರ ನಡುವೆ, ಹಂದಿಮಾಂಸದ ವಾಸನೆಯ ಮಧ್ಯೆ, ಮಡಿ ಮೈಲಿಗೆ ಎಂದು ಜೀವಮಾನವೆಲ್ಲ ಹೊರಗೆ ಒಂದು ಲೋಟ ನೀರನ್ನೂ ಕುಡಿಯದ ನನ್ನ ತಂಗಿ ಒಂದು ದುಂಡು ಮೇಜಿಗೆ ಕೂತು ಗಾಜಿನ ಲೋಟದಲ್ಲಿ ಕಾಫಿ ಕುಡಿಯುತ್ತಿದ್ದಳು. ಒಬ್ಬಳೇ.

ಒಂದು ಮಾತು ಹೇಳಿ ಬರಬಾರದಿತ್ತೇ ಎಂದು ನಾನು ಎಲ್ಲರೂ ತಿರುಗಿ ನೋಡುವಂತೆ ಕೇಳಿದೆ.

"ಹೇಳಿದ್ರೆ ನೀನೂ ಬರ್ತಿದ್ದೆ" ಎಂದಳು. "ಕೂತ್ಕೋ. ಕಾಫಿ ಸುಮಾರಾಗಿದೆ, ಸಕ್ಕರೆ ಜಾಸ್ತಿ."

ಕೂತೆ. ಅವಳು ಬಂದ ದಾರಿಯನ್ನೆಲ್ಲ ವರ್ಣಿಸಿದಳು. ಸಿಗ್ನಲ್ಲಿನಲ್ಲಿ ಹಸಿರು ಮನುಷ್ಯ ಬರುವವರೆಗೂ ನಿಂತದ್ದು, ದಾರಿಯಲ್ಲಿ ಒಂದು ಮರದ ತುಂಬ ಹಳದಿ ಹೂವಿದ್ದದ್ದು. ನಾಲ್ಕನೇ ಮಹಡಿಯಲ್ಲಿ ಯಾರೋ ಬಿದಿರು ಗಳುವಿಗೆ ಮಗುವಿನ ಬಟ್ಟೆ ಒಣಹಾಕಿದ್ದರಂತೆ. ನಾನು ಆ ದಾರಿಯಲ್ಲಿ ದಿನವೂ ನಡೆದಿದ್ದೆ, ಇದ್ಯಾವುದನ್ನೂ ನೋಡಿರಲಿಲ್ಲ. ನನ್ನ ಕಣ್ಣು ಅವಳ ಪಾದದ ಮೇಲೇ ಇತ್ತು.

"ಅಕ್ಕ, ನಾನು ಬರಲ್ಲ."

"ಎಲ್ಲಿಗೆ?"

"ಊರಿಗೆ. ಸುಧಾಗೂ ಹೇಳಿದೀನಿ. ಇಲ್ಲೇ ಇರೋಕೆ ಪಾಸ್ ಮಾಡಿಸ್ತಾಳಂತೆ."

ಇಲ್ಲಿ ಯಾರ ಜೊತೆ ಮಾತಾಡ್ತೀಯ, ಇವರೆಲ್ಲ ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರೋದು, ದಿವ್ಯಂಗೆ ಕನ್ನಡ ಅರ್ಧ ಬರಲ್ಲ, ನೀನು ಮನೆ ಗೋಡೆ ನೋಡ್ಕೊಂಡು ಕೂತಿರಬೇಕಾಗತ್ತೆ ಎಂದು ನಾನು ಒಂದೇ ಉಸಿರಿನಲ್ಲಿ ಹೇಳಿದೆ.

"ಅಲ್ಲಿ ಯಾರ ಜೊತೆ ಮಾತಾಡ್ತಿದ್ದೆ? ಬಿದ್ದ ಮೇಲೆ ಅಲ್ಲೂ ಗೋಡೇನೆ."

"ನಾನಿರಲಿಲ್ವೇನೆ?"

"ನೀನು ವಾರ್ಡ್ ಆಫೀಸಲ್ಲಿರ್ತಿದ್ದೆ."

ಅದನ್ನು ಅವಳು ಕೊಂಕಾಗಿ ಹೇಳಲಿಲ್ಲ. ಲೋಟದ ತಳದ ಸಕ್ಕರೆಯನ್ನು ಚಮಚದಲ್ಲಿ ತಿರುವುತ್ತ ಹೇಳಿದಳು. ನಾನು ಯಾರಿಗಾಗಿ ವಾರ್ಡ್ ಆಫೀಸಿಗೆ ಅಲೆದೆ ಎಂದು ಕೇಳಬೇಕೆಂದುಕೊಂಡೆ. ಅದರ ಬದಲು ಮೇಜಿನ ಮೇಲೆ ಚೆಲ್ಲಿದ್ದ ಕಾಫಿ ಒರೆಸಿದೆ.

"ನಿಂಗೆ ಜಗಳ ಆಡೋಕೆ ಒಂದು ಊರು ಬೇಕು ಅಕ್ಕ. ನಂಗೆ ನಡೆಯೋಕೆ ಒಂದು ರಸ್ತೆ ಇದ್ರೆ ಸಾಕು. ಚಪ್ಪಡಿ ಹಾಕಿದ ದಿನ ಫೋನ್ ಮಾಡು. ಬರ್ತೀನಿ."

ವಾಪಸ್ಸು ಹೋಗುವಾಗ ಅವಳು ನನ್ನ ಮುಂದೆ ನಡೆದಳು. ನೀವೂ ಇಲ್ಲೇ ಇದ್ದುಬಿಡಿ ದೊಡ್ಡಮ್ಮ ಎಂದು ಅವತ್ತು ಸಂಜೆ ಸುಧಾ ಬಹಳ ಕೇಳಿಕೊಂಡಳು. ಲಿಫ್ಟಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಈ ವಯಸ್ಸಿನಲ್ಲಿ ನನ್ನಿಂದಾಗದು ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

ನಮ್ಮ ಮೇನ್ ರೋಡು

ಒಬ್ಬಳೇ ಬಂದೆ. ಬಂದ ಎರಡನೆಯ ಸಂಜೆ ಗೌರಮ್ಮನ ಹತ್ತಿರ ಹೂವು ಕೊಳ್ಳುತ್ತಿದ್ದಾಗ ಕಾರ್ಪೊರೇಟರ ಸ್ಕೂಟರು ಬಂದು ನಿಂತಿತು.

"ಸಿಂಗಾಪುರ ಹೇಗಿತ್ತು ಮೇಡಂ? ತುಂಬಾ ಕ್ಲೀನಂತೆ. ಆದ್ರೆ ಡೆಮಾಕ್ರಸಿ ಇಲ್ವಲ್ಲ."

"ಇಲ್ಲ" ಎಂದೆ. "ಅಲ್ಲಿ ನಿಮ್ಮಂಥೋರನ್ನ ಹೀಗೆ ರಸ್ತೇಲಿ ನಿಲ್ಲಿಸಿ ಬಯ್ಯೋಕಾಗಲ್ಲ. ಅದಕ್ಕೇ ವಾಪಸ್ ಬಂದೆ."

ಅವರು ನಕ್ಕರು. ತಂಗಿಯವರು ಹೇಗಿದ್ದಾರೆ ಎಂದು ಕೇಳಿದರು. ಅಲ್ಲೇ ಉಳಿದಳು ಎಂದೆ. ಒಳ್ಳೇದಾಯ್ತು ಬಿಡಿ ಮೇಡಂ, ಈ ವಯಸ್ಸಿನಲ್ಲಿ ಮಗಳ ಜೊತೆ ಇರೋದೇ ಸರಿ ಎಂದರು. ಅಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು.

"ಒಳ್ಳೇದಾಗಲಿಲ್ಲ. ಮಗಳ ಮೇಲಿನ ಪ್ರೀತಿಗೆ ಉಳಿದದ್ದಲ್ಲ ಅವಳು. ಹುಟ್ಟಿದ ಬೀದೀಲಿ ನಡೆಯೋಕಾಗದೆ ಊರು ಬಿಟ್ಟಳು. ನಿಮ್ಮ ವೋಟರು."

ಅವರ ಮುಖ ಸಣ್ಣಗಾಯಿತು. ಶನಿವಾರ ನಾಗರಿಕ ಸಮಿತಿಯ ಸಭೆಯಿದೆ, ನಗರ ಯಾರದು ಎಂಬ ವಿಷಯ, ತಾವು ಬಂದು ಸಿಂಗಾಪುರದ ಅನುಭವ ಹಂಚಿಕೊಳ್ಳಬೇಕು ಎಂದರು. ಮನಸ್ಸಿಟ್ಟೇ ಕರೆದರು. ಬರುತ್ತೇನೆ, ಆದರೆ ಸಭೆ ಇಲ್ಲಿ, ಈ ಚರಂಡಿಯ ಪಕ್ಕದಲ್ಲಿ, ಕತ್ತಲಾದ ಮೇಲೆ ನಡೆಯಲಿ ಎಂದೆ.

"ಇಲ್ಲಿ ಕೂತ್ಕೊಳ್ಳೋಕೆ ಜಾಗ ಎಲ್ಲಿದೆ ಮೇಡಂ?"

"ಕೂತ್ಕೊಳ್ಳೋದು ಬೇಡ. ಈ ಮೂಲೆಯಿಂದ ಆ ಮೂಲೆವರೆಗೆ ಟಾರ್ಚಿಲ್ಲದೆ ನಡ್ಕೊಂಡು ಹೋಗಿ ತೋರಿಸಿ. ನಾನೂ ಜೊತೇಲಿ ಬರ್ತೀನಿ."

ಹಾಲ್ ಆಗಲೇ ಬುಕ್ ಆಗಿದೆ ಎಂದು ಹೇಳಿ ಅವರು ಸ್ಕೂಟರು ಒದ್ದರು.

ಶನಿವಾರ ಅವರು ಹಾಲಿನಲ್ಲಿ ಮಾತಾಡಿದರು. ಮೈಕಿನ ಸದ್ದು ನಮ್ಮ ಮೂಲೆಯವರೆಗೂ ಕೇಳುತ್ತಿತ್ತು. ದೀಪವಿಲ್ಲದ ಕಂಬದ ಕೆಳಗೆ ನಾನು ನಿಂತಿದ್ದೆ, ಗೌರಮ್ಮನೂ ಬುಟ್ಟಿ ಪಕ್ಕಕ್ಕಿಟ್ಟು ನಿಂತಳು. ಕತ್ತಲಲ್ಲಿ ಬರುವ ಒಬ್ಬೊಬ್ಬರಿಗೂ, ಹುಷಾರು, ಇಲ್ಲಿ ಚರಂಡಿ ಬಾಯಿ ತೆರೆದಿದೆ, ಈ ಕಡೆಯಿಂದ ಬನ್ನಿ ಎಂದು ಹೇಳಿ ದಾಟಿಸಿದೆವು. ಟ್ಯೂಷನ್ ಮುಗಿಸಿ ಬರುವ ಹುಡುಗಿಯರು, ಗಾರೆ ಕೆಲಸದವರು, ಔಷಧಿ ಚೀಟಿ ಹಿಡಿದ ಒಬ್ಬ ಮುದುಕ. ಕೆಲವರು ಥ್ಯಾಂಕ್ಸ್ ಹೇಳಿದರು, ಕೆಲವರು ಇವರಿಗೇನು ಹುಚ್ಚೇ ಎನ್ನುವಂತೆ ನೋಡಿದರು. ಅಲ್ಲಿಂದೀಚೆಗೆ ದಿನವೂ ನಿಲ್ಲುತ್ತಿದ್ದೇವೆ. ಯಾರೂ ಬಿದ್ದಿಲ್ಲ.

ಇದನ್ನು ಬರೆಯುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಕಿಟಕಿಯ ಹೊರಗೆ ಕತ್ತಲಾಗುತ್ತಿದೆ. ಗೌರಮ್ಮ ಒಬ್ಬಳೇ ನಿಂತಿರುತ್ತಾಳೆ, ನಾನು ಹೊರಡಬೇಕು.